ಭೀಮಾ ಸೀಮೆಯ ರಾಜಬಿರುದುಗಳು

ಆಳಂದ ಅಮರ್ಜಾ ಹೊಳೆಯ ಸೀಮೆ; ಅಫಜಲಪುರ, ಜೇವರ್ಗಿ ಭೀಮೆಯ ದಂಡೆಯವು. ಕಲಬುರಗಿ ಜಿಲ್ಲೆಯ ಈ ಮೂರೂ ಊರುಗಳು ಯಾವ ಸಾಮ್ರಾಜ್ಯಕ್ಕೂ ರಾಜಧಾನಿಯಾದವಲ್ಲ. ಆದರೆ ಇವುಗಳ ಸುತ್ತ ನಾಲ್ಕೈದು ದಿನದ ನಡಿಗೆಯೊಳಗೆ ಮಳಖೇಡವಿದೆ, ಕಲ್ಯಾಣವಿದೆ, ಬೀದರ, ವಿಜಯಪುರಗಳಿವೆ. ಕಲಬುರಗಿಯಂತೂ ಮಗ್ಗುಲಲ್ಲೇ ಇದೆ. ಹೀಗಾಗಿ ಇಲ್ಲಿನ ಒಕ್ಕಲು ತನ್ನ ಹೊಲ ಬಿಟ್ಟು ಕದಲದೆಯೇ ವಲ್ಲಭನಿಗೆ, ಚಕ್ರವರ್ತಿಗೆ, ಸುಲ್ತಾನನಿಗೆ, ಷಾಗೆ, ಬಾದಷಹನಿಗೆ, ನಿಜಾಮನಿಗೆ ಕಂದಾಯ ಕಟ್ಟಿದೆ. ದೊರೆಗಳ ಬಿರುದುಗಳು ಎಲ್ಲಿಂದ ಬಂದವು, ಅವುಗಳ ಅರ್ಥವೇನು ಎಂದು ಹುಡುಕುವವರಿಗೆ ಇದಕ್ಕಿಂತ ಅನುಕೂಲದ ನೆಲ ಸಿಗುವುದು ಕಷ್ಟ. ಇಲ್ಲಿ ಬಿರುದುಗಳು ಹೊಸದಾಗಿ ಹುಟ್ಟಿದ್ದಕ್ಕಿಂತ ಕೈ ಬದಲಿಸಿದ್ದೇ ಹೆಚ್ಚು. ಸೋತವನ ಬೊಕ್ಕಸ, ಆನೆ, ಬಾವುಟಗಳ ಜೊತೆಗೆ ಅವನ ಹೆಸರೂ ಗೆದ್ದವನ ಪಾಲಿಗೆ ಬರುತ್ತಿತ್ತು.

ರಾಯಾ ಅಸೋಕೋ

ಜೇವರ್ಗಿಯಿಂದ ಭೀಮೆಯ ಹರಿವಿನ ಜೊತೆ ಕೆಳಗೆ ಹೋದರೆ ಚಿತ್ತಾಪುರ ಸೀಮೆಯ ಸನ್ನತಿ. 1986ರಲ್ಲಿ ಇಲ್ಲಿನ ಕಾಳಿಕಾ ಗುಡಿಯ ಚಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೈಮೇಲೆ ಅಶೋಕನ ಶಾಸನ ಕಾಣಿಸಿತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಒಂದು ಮಹಾಸ್ತೂಪವೇ ಹೊರಬಂತು. ಅದರ ಸುಣ್ಣಕಲ್ಲಿನ ಹಲಗೆಯೊಂದರಲ್ಲಿ ರಾಜ ರಾಣಿಯೊಡನೆ ನಿಂತಿದ್ದಾನೆ. ಸುತ್ತ ಪರಿಚಾರಿಕೆಯರು, ಒಬ್ಬಳ ಕೈಯಲ್ಲಿ ಕೊಡೆ, ಇನ್ನೊಂದೆಡೆ ಚಾಮರ. ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ: ರಾಯಾ ಅಸೋಕೋ.

ಅಶೋಕ ತೀರಿಹೋಗಿ ಎರಡು ಮೂರು ಶತಮಾನ ಕಳೆದ ಮೇಲೆ ಕೆತ್ತಿದ ಚಿತ್ರವಿದು. ಅಷ್ಟು ದೊಡ್ಡ ರಾಜ್ಯವಾಳಿದವನಿಗೆ ಶಿಲ್ಪಿ ಕೊಟ್ಟದ್ದು ‘ರಾಯ’ ಎಂಬ ಒಂದೇ ಪದ. ಅದೇ ಸ್ತೂಪದಲ್ಲಿ ಸಾತವಾಹನ ದೊರೆಗಳ ಚಿತ್ರಗಳೂ ಇವೆ. ಅವರೂ ಬರಿಯ ‘ರಾಯ’ರೇ. ಅಶೋಕ ತನ್ನ ಶಾಸನಗಳಲ್ಲಿ ಹೇಳಿಕೊಂಡದ್ದು ‘ದೇವಾನಂಪಿಯ’, ಅಂದರೆ ದೇವತೆಗಳಿಗೆ ಪ್ರಿಯನಾದವನು, ‘ಪಿಯದಸಿ’ ಮತ್ತು ‘ರಾಜ’ ಎಂದಷ್ಟೆ. ರಾಜ್ಯ ದೊಡ್ಡದಿದ್ದಾಗ ಬಿರುದು ಚಿಕ್ಕದು, ರಾಜ್ಯ ಕುಗ್ಗಿದ ಹಾಗೆ ಬಿರುದಿನ ಸಾಲು ಉದ್ದ: ಈ ಸೀಮೆಯ ಶಾಸನಗಳನ್ನು ಓದುತ್ತ ಹೋದವರಿಗೆ ಈ ಅನುಮಾನ ಬರದೇ ಇರದು. ಕನಗನಹಳ್ಳಿಯ ‘ರಾಯ’ ಮುಂದೆ ವಿಜಯನಗರದ ಸಿಂಹಾಸನ ಏರಿ, ಅಲ್ಲಿಂದ ಇಳಿದು, ಈಗ ‘ರಾವ್’ ಆಗಿ ಹೆಸರುಗಳ ತುದಿಯಲ್ಲಿ ಕೂತಿದೆ.

ಪರದೇಶದಿಂದ ಬಂದ ‘ರಾಜರ ರಾಜ’

ವೈದಿಕ ಸಾಹಿತ್ಯದಲ್ಲಿ ‘ಸಮ್ರಾಟ್’ ಎಂಬುದು ಯಾಗಕ್ಕೆ ಅಂಟಿದ ಪದವಿ. ರಾಜಸೂಯ ಮಾಡಿದವನು ರಾಜ, ವಾಜಪೇಯ ಮಾಡಿದವನು ಸಮ್ರಾಟ್ ಎಂದು ಶತಪಥ ಬ್ರಾಹ್ಮಣದ ಲೆಕ್ಕ. ‘ಚಕ್ರವರ್ತಿ’ಯ ಚಕ್ರ ರಥದ್ದೋ ಧರ್ಮದ್ದೋ ಎಂಬ ಚರ್ಚೆ ಹಳೆಯದು; ಬೌದ್ಧರೂ ಜೈನರೂ ಅದನ್ನು ತಡೆಯಿಲ್ಲದೆ ಉರುಳುವ ಆಳ್ವಿಕೆಯ ಗುರುತಾಗಿ ಬೆಳೆಸಿದರು.

‘ಮಹಾರಾಜಾಧಿರಾಜ’ದ ದಾರಿ ಬೇರೆ. ಪರ್ಷಿಯಾದ ಹಳೆಯ ದೊರೆಗಳು ತಮ್ಮನ್ನು ‘ರಾಜರ ರಾಜ’ ಎಂದು ಬಂಡೆಗಳ ಮೇಲೆ ಬರೆಸಿಕೊಂಡಿದ್ದರು. ಅದು ಗ್ರೀಕಿಗೆ ಹೋಗಿ, ಶಕರ ನಾಣ್ಯಗಳಲ್ಲಿ ‘ರಾಜಾತಿರಾಜ’ವಾಗಿ, ಕುಷಾಣರ ಕೈಗೆ ಬಂತು. ಕುಷಾಣರು ಯಾರ ಬಿರುದನ್ನೂ ಬಿಟ್ಟವರಲ್ಲ: ಭಾರತದ ‘ಮಹಾರಾಜ’, ಇರಾನಿನ ‘ರಾಜಾತಿರಾಜ’, ಚೀನಾದ ಸ್ವರ್ಗಪುತ್ರನನ್ನು ನೆನಪಿಸುವ ‘ದೇವಪುತ್ರ’. ಅಟಕದ ಹತ್ತಿರ ಸಿಕ್ಕ ಶಾಸನವೊಂದರಲ್ಲಿ ರೋಮಿನ ಸೀಸರನನ್ನೂ ‘ಕೈಸರ’ ಮಾಡಿ ಸೇರಿಸಿಕೊಂಡಿದ್ದಾರೆ. ಗುಪ್ತರ ಕಾಲಕ್ಕೆ ‘ಮಹಾರಾಜಾಧಿರಾಜ’ ಅಪ್ಪಟ ಸಂಸ್ಕೃತವೆನಿಸಿಕೊಂಡಿತು. ಅದರ ಪರ್ಷಿಯಾದ ಬೇರನ್ನು ಆಮೇಲೆ ಯಾರೂ ನೆನೆಯಲಿಲ್ಲ. ಸಾವಿರ ವರ್ಷ ಬಿಟ್ಟು ಅದೇ ಬೇರಿನ ‘ಷಹನ್‌ಷಾ’ ದೆಹಲಿಯ ದಾರಿಯಲ್ಲಿ ಬಂದಾಗ ಅದನ್ನು ವಿದೇಶಿ ಬಿರುದು ಎಂದು ಕರೆದೆವು.

ಒಬ್ಬ ಮನುಷ್ಯನ ಹೆಸರೇ ಬಿರುದಾಗಿ ಬೆಳೆದದ್ದಕ್ಕೆ ಸೀಸರನಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ: ಜರ್ಮನರ ಕೈಸರ್, ರಷ್ಯದ ಜಾರ್, ಕೊನೆಗೆ ವಿಕ್ಟೋರಿಯಾ ರಾಣಿಯ ‘ಕೈಸರ್-ಎ-ಹಿಂದ್’. ಎಂಪರರ್ ಎಂಬುದರ ಮೂಲವಾದ ‘ಇಂಪರೇಟರ್’ ಮೊದಲಿಗೆ ಗೆದ್ದ ಸೇನಾನಿಯನ್ನು ಸೈನಿಕರು ಕೂಗಿ ಕರೆಯುತ್ತಿದ್ದ ಹೆಸರು.

ವಲ್ಲಭನನ್ನು ಗೆದ್ದು ವಲ್ಲಭನಾದವರು

ಬಾದಾಮಿಯ ಬಂಡೆಯ ಮೇಲಿನ 543ರ ಶಾಸನದಲ್ಲಿ ಒಂದನೆಯ ಪುಲಕೇಶಿ ‘ವಲ್ಲಭೇಶ್ವರ’. ‘ಶ್ರೀಪೃಥ್ವೀವಲ್ಲಭ’ ಎಂದರೆ ಸಿರಿಗೂ ಭೂಮಿಗೂ ಗಂಡ. ವಿಷ್ಣುವಿನ ಜಾಗದಲ್ಲಿ ದೊರೆಯನ್ನು ನಿಲ್ಲಿಸುವ ಮಾತು. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದಾಗ ‘ಪರಮೇಶ್ವರ’ ಎಂಬ ಎರಡನೆಯ ಹೆಸರು ಪಡೆದನೆಂದು ಚಾಲುಕ್ಯರ ತಾಮ್ರಪಟಗಳು ಹೇಳುತ್ತವೆ. ಅವೇ ಪಟಗಳು ಹರ್ಷನನ್ನು ಸಕಲ ಉತ್ತರಾಪಥಕ್ಕೂ ಒಡೆಯ ಎಂದು ಹೊಗಳುತ್ತವೆ. ಸೋತವನು ದೊಡ್ಡವನಾದಷ್ಟೂ ಗೆದ್ದವನ ಬಿರುದಿಗೆ ತೂಕ ಬರುತ್ತದಲ್ಲ!

ಎಂಟನೆಯ ಶತಮಾನದ ನಡುವಿನಲ್ಲಿ ದಂತಿದುರ್ಗ ಚಾಲುಕ್ಯ ಕೀರ್ತಿವರ್ಮನನ್ನು ಕೆಡವಿದ. ಹೊಸ ಮನೆತನ, ಹಳೆಯ ಬಿರುದು: ವಲ್ಲಭನನ್ನು ಸೋಲಿಸಿದ ರಾಷ್ಟ್ರಕೂಟನೇ ಈಗ ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಪ್ರಾಕೃತದ ಬಾಯಲ್ಲಿ ವಲ್ಲಭ ‘ಬಲ್ಲಹ’ನಾದ, ನಮ್ಮ ಶಾಸನಗಳಲ್ಲೂ ಆ ರೂಪವಿದೆ. ಅರಬ್ ವ್ಯಾಪಾರಿಗಳ ಕಿವಿಗೆ ಅದು ‘ಬಲ್ಹರಾ’ ಎಂದು ಕೇಳಿಸಿತು. 851ರಲ್ಲಿ ಸುಲೈಮಾನನ ಹೆಸರಿನಲ್ಲಿ ಬಂದ ಅರಬ್ಬಿ ವರದಿ ಲೋಕದ ನಾಲ್ವರು ಮಹಾರಾಜರಲ್ಲಿ ಬಾಗ್ದಾದಿನ ಖಲೀಫ, ಚೀನಾದ ದೊರೆ, ರೂಮಿನ ದೊರೆ ಇವರ ಸಾಲಿಗೆ ಬಲ್ಹರಾನನ್ನು ಸೇರಿಸುತ್ತದೆ. ಅದು ವ್ಯಕ್ತಿಯ ಹೆಸರಲ್ಲ, ಪರ್ಷಿಯಾದವರ ‘ಕಿಸ್ರಾ’ ಇದ್ದ ಹಾಗೆ ಪದವಿಯ ಹೆಸರು ಎಂದೂ ವಿವರಿಸುತ್ತದೆ. ಆಗ ಮಳಖೇಡದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಅರಬ್ ಬರಹಗಳ ‘ಮಾನ್‌ಕೀರ್’, ಮಾನ್ಯಖೇಟ, ಇಂದು ಕಾಗಿಣಾ ದಂಡೆಯ ಒಂದು ಊರು. ಕೋಟೆಯ ಗೋಡೆಗಳು ಉಳಿದಿವೆ. ಸುತ್ತ ಸುಣ್ಣಕಲ್ಲಿನ ಗಣಿ, ಸಿಮೆಂಟಿನ ಧೂಳು.

ಎಲ್ಲರಿಗೂ ಸೇರಿದ ಈ ಬಿರುದುಗಳಲ್ಲದೆ ರಾಷ್ಟ್ರಕೂಟರಿಗೆ ಸ್ವಂತದ್ದೊಂದು ಮಾದರಿಯಿತ್ತು: ‘ತುಂಗ’ ಮತ್ತು ‘ವರ್ಷ’. ತುಂಗ ಎಂದರೆ ಎತ್ತರ: ಶುಭತುಂಗ, ಜಗತ್ತುಂಗ, ನೃಪತುಂಗ. ವರ್ಷ ಎಂದರೆ ಮಳೆ. ಧ್ರುವ ‘ಧಾರಾವರ್ಷ’, ಮುಮ್ಮಡಿ ಗೋವಿಂದ ‘ಪ್ರಭೂತವರ್ಷ’, ಮುಮ್ಮಡಿ ಇಂದ್ರ ‘ನಿತ್ಯವರ್ಷ’, ನೃಪತುಂಗ ಹುಸಿಯಾಗದ ಮಳೆಯ ‘ಅಮೋಘವರ್ಷ’. ಮುಮ್ಮಡಿ ಕೃಷ್ಣ ‘ಅಕಾಲವರ್ಷ’: ಕೊಡಲು ಕಾಲ ನೋಡದವನು. ಮಳೆ ಕಡಿಮೆಯ ಕರಿಮಣ್ಣಿನ ನಾಡಿನಲ್ಲಿ ದೊರೆಯನ್ನು ಮೋಡವಾಗಿ ಕಂಡದ್ದು ಸಹಜವೇ. ಆದರೆ ಈ ಸೀಮೆಯಲ್ಲಿ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನಿಜವಾದ ಅಕಾಲವರ್ಷ ಬಂದರೆ ಏನಾಗುತ್ತದೆಂದು ಜೇವರ್ಗಿಯ ಯಾವ ರೈತನನ್ನಾದರೂ ಕೇಳಬಹುದು. ಆ ಬಿರುದನ್ನು ಆರಿಸಿದವನು ಒಕ್ಕಲುತನ ಬಲ್ಲವನಲ್ಲ.

‘ಪರಮಭಟ್ಟಾರಕ’ದ ಬಗ್ಗೆಯೂ ಒಂದು ಮಾತು. ಭಟ್ಟಾರಕ ಎಂದರೆ ಪೂಜ್ಯ. ದೇವರಿಗೂ ದೊರೆಗೂ ಜೈನ ಗುರುವಿಗೂ ಸಂದ ಪದ. ದೊರೆಗಳು ಅದನ್ನು ಕಳೆದುಕೊಂಡರು. ಜೈನ ಮಠಾಧಿಪತಿಗಳು ಇಂದಿಗೂ ಭಟ್ಟಾರಕರೇ. ಮಳಖೇಡದಲ್ಲೂ ಅಂಥ ಪೀಠವೊಂದಿತ್ತು. ‘ಚಕ್ರವರ್ತಿ’ಯನ್ನು ಕವಿಗಳೊಂದಿಗೆ ಹಂಚಿಕೊಂಡವರೂ ಇದೇ ನೆಲದ ಅರಸರು. ಮುಮ್ಮಡಿ ಕೃಷ್ಣ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದಿತ್ತ. ಮುಂದೆ ರನ್ನ ತೈಲಪನಿಂದ ‘ಕವಿಚಕ್ರವರ್ತಿ’ಯಾದ.

ಅಲಂದೆ ಸಾಸಿರದ ಕಲ್ಲುಗಳು

973ರಲ್ಲಿ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಕೆಡವಿದ ಮೇಲೆ ಬಿರುದಿನ ಗಂಟು ಮತ್ತೆ ಚಾಲುಕ್ಯರ ಮನೆಗೆ ಬಂತು. ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಇಂದಿನ ಆಳಂದ ಆಗ ‘ಅಲಂದೆ ಸಾಸಿರ’ ಎಂಬ ನಾಡಿನ ಮುಖ್ಯ ಊರು.

ಈ ಕಾಲದ ದಾನಶಾಸನ ಒಂದು ಅಚ್ಚಿನಲ್ಲಿ ಎರೆದಂತೆ ಇರುತ್ತದೆ. ಮೊದಲು ಚಕ್ರವರ್ತಿ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಲುಕ್ಯಾಭರಣ, ಕೊನೆಗೆ ‘ಮಲ್ಲ’ದಲ್ಲಿ ಮುಗಿಯುವ ಅವನ ಸ್ವಂತ ಬಿರುದು. ಇವನ ರಾಜ್ಯ ಸೂರ್ಯಚಂದ್ರರಿರುವ ತನಕ ಮೇಲಿಂದ ಮೇಲೆ ಬೆಳೆಯುತ್ತಿರಲು, ಎಂದು ಮಾತು ಮುಂದೆ ಸಾಗುತ್ತದೆ. ಆಮೇಲೆ ಬರುವ ಪದವೇ ಇಡೀ ಕಲ್ಲಿನ ಕೀಲು: ‘ತತ್ಪಾದಪದ್ಮೋಪಜೀವಿ’. ಅವನ ಪಾದಕಮಲವನ್ನು ನಂಬಿ ಬದುಕುವವನು. ಅಲ್ಲಿಂದ ಸಾಮಂತನ ಸರದಿ: ‘ಸಮಧಿಗತಪಂಚಮಹಾಶಬ್ದ’, ಅಂದರೆ ಕೊಂಬು, ಶಂಖ, ಭೇರಿ, ಜಯಘಂಟೆಯಂಥ ಐದು ವಾದ್ಯ ನುಡಿಸಿಕೊಳ್ಳುವ ಹಕ್ಕು ಪಡೆದವನು, ‘ಮಹಾಮಂಡಲೇಶ್ವರ’, ಯಾವುದೋ ದೂರದ ಪುರಕ್ಕೆ ‘ಪುರವರಾಧೀಶ್ವರ’. ಹದಿನೈದು ಸಾಲು ಹೀಗೆ ಹೋದ ಮೇಲೆ, ಕಲ್ಲಿನ ಬುಡದಲ್ಲಿ, ಗುಡಿಯ ನಂದಾದೀಪಕ್ಕೆ ಇಷ್ಟು ಮತ್ತರು ಹೊಲ ಎಂಬ ಒಂದು ಸಾಲು.

ಆ ಒಂದು ಸಾಲಿಗಾಗಿ ಊರಿನವರು ಕಲ್ಲು ನಿಲ್ಲಿಸಿದ್ದು. ಆದರೆ ಮೇಲಿನ ಬಿರುದುಗಳು ಬರಿಯ ಹೊಗಳಿಕೆಯೂ ಅಲ್ಲ; ಯಾರ ಕೆಳಗೆ ಯಾರು ಎಂಬ ಲೆಕ್ಕ ಅಲ್ಲಿದೆ. ‘ತತ್ಪಾದಪದ್ಮೋಪಜೀವಿ’ ಮಾಯವಾದ ಕಲ್ಲು ದಂಗೆಯ ಕಲ್ಲು. ಬಿಜ್ಜಳನ ಶಾಸನಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮಂಗಳವಾಡದ ಕಳಚುರಿ ಬಿಜ್ಜಳ ಚಾಲುಕ್ಯರ ಮಹಾಮಂಡಲೇಶ್ವರನಾಗಿ ಶುರುಮಾಡಿದವನು. 1160ರ ಆಸುಪಾಸಿಗೆ ಅವನೇ ‘ಭುಜಬಲ ಚಕ್ರವರ್ತಿ’, ‘ತ್ರಿಭುವನಮಲ್ಲ’. ಆ ತ್ರಿಭುವನಮಲ್ಲ ಎಂಬುದು ಆರನೆಯ ವಿಕ್ರಮಾದಿತ್ಯನದು. 1076ರಲ್ಲಿ ಪಟ್ಟವೇರಿದಾಗ ಶಕವರ್ಷವನ್ನೇ ಬದಿಗಿಟ್ಟು ತನ್ನ ಹೆಸರಿನ ಚಾಲುಕ್ಯ ವಿಕ್ರಮ ವರ್ಷ ಶುರುಮಾಡಿದವನ ಬಿರುದು ಅದು. ಬಿಜ್ಜಳನ ‘ಶನಿವಾರಸಿದ್ಧಿ’, ‘ಗಿರಿದುರ್ಗಮಲ್ಲ’ಗಳನ್ನು ಮುಂದೆ ಹೊಯ್ಸಳ ಇಮ್ಮಡಿ ಬಲ್ಲಾಳ ಧರಿಸಿದ. ಶನಿವಾರವೂ ಕೆಲಸ ಕೈಗೂಡಿಸಿಕೊಳ್ಳುವವನು ಎಂಬ ಬಿರುದನ್ನು ಇಬ್ಬರು ದೊರೆಗಳು ಬಯಸಿದರೆಂದರೆ, ಉಳಿದವರು ಶನಿವಾರಕ್ಕೆ ಎಷ್ಟು ಹೆದರುತ್ತಿದ್ದಿರಬೇಕು!

ಸಂಸ್ಕೃತದ ಈ ಸಾಲಿನ ನಡುವೆ ಕನ್ನಡದ್ದೇ ಬಿರುದುಗಳು ತಟ್ಟನೆ ಎದ್ದು ಕಾಣುತ್ತವೆ. ಚಾಲುಕ್ಯ ಸತ್ಯಾಶ್ರಯ ‘ಇರಿವಬೆಡಂಗ’, ಇರಿಯುವುದರಲ್ಲೇ ಸೊಗಸುಗಾರ. ಹೊಯ್ಸಳರು ‘ಮಲೆಪರೊಳ್ ಗಂಡ’. ವಿಜಯನಗರದವರು ‘ಮೂರುರಾಯರ ಗಂಡ’, ‘ಭಾಷೆಗೆ ತಪ್ಪುವ ರಾಯರ ಗಂಡ’. ಗಂಡ ಎಂದರೆ ಶೂರ, ಮಣಿಸುವವನು. ಮನೆಯ ಗಂಡನ ಅರ್ಥವೂ ಬೆನ್ನಿಗೇ ಇರುವುದರಿಂದ ಸೋತವರಿಗೆ ಚುಚ್ಚುವ ಮಾತು. ಮೈಸೂರು ಒಡೆಯರದು ಇದರಲ್ಲಿ ಮೇಲುಗೈ: ‘ಬಿರುದೆಂತೆಂಬರ ಗಂಡ’, ತನಗೆ ಇಂಥಿಂಥ ಬಿರುದಿದೆ ಎನ್ನುವವರಿಗೆಲ್ಲ ಗಂಡ.

ಸುಲ್ತಾನ, ಸುರತ್ರಾಣ, ವಲಿ

ಅರಬ್ಬಿಯಲ್ಲಿ ‘ಸುಲ್ತಾನ್’ ಎಂದರೆ ಮೊದಲಿಗೆ ಮನುಷ್ಯನಲ್ಲ, ಅಧಿಕಾರ. ಅದು ಅಧಿಕಾರ ಹಿಡಿದವನ ಹೆಸರಾಯಿತು. 1347ರಲ್ಲಿ ದೆಹಲಿಯಿಂದ ಬೇರೆಯಾಗಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಅಲಾವುದ್ದೀನ್ ಹಸನ್ ಬಹಮನ್ ಷಾ, ಇರಾನಿನ ಪುರಾಣದ ಬಹಮನ್ ದೊರೆಯ ಹೆಸರನ್ನು ಹೊತ್ತ. ಅವನ ಮಗ ಒಂದನೆಯ ಮಹಮ್ಮದ್ ಷಾನ ಕಾಲದಲ್ಲಿ ವಾರಂಗಲ್ಲಿನ ಕಾಪಯ ನಾಯಕ ಫಿರೋಜಾ ಕಲ್ಲಿನ ಬಣ್ಣದ ಸಿಂಹಾಸನ ಒಪ್ಪಿಸಿದ. ‘ತಖ್ತ್-ಎ-ಫಿರೋಜಾ’ ಎಂದು ಅದಕ್ಕೆ ಹೆಸರು. ಜೇವರ್ಗಿ ದಾರಿಯಲ್ಲಿ ಭೀಮಾ ದಂಡೆಯ ಮೇಲೆ ಪಾಳುಬಿದ್ದಿರುವ ಫಿರೋಜಾಬಾದ್, 1397ರಿಂದ 1422ರ ವರೆಗೆ ಆಳಿದ ತಾಜುದ್ದೀನ್ ಫಿರೋಜ್ ಷಾ ಕಟ್ಟಿಸಿದ ಪಟ್ಟಣ. ತಾಜುದ್ದೀನ್ ಎಂದರೆ ಧರ್ಮದ ಕಿರೀಟ.

ವಿಜಯನಗರದವರು ಈ ಹೊಸ ಪದವನ್ನು ದೂರ ಇಡಲಿಲ್ಲ. ‘ಸುಲ್ತಾನ್’ ಸಂಸ್ಕೃತಕ್ಕೆ ಬಂದು ‘ಸುರತ್ರಾಣ’ವಾಯಿತು, ಸುರರನ್ನು ಕಾಯುವವನು ಎಂಬ ಅರ್ಥ ತಾನಾಗಿ ಒದಗಿತು. ವಿಜಯನಗರದ ಬುಕ್ಕರಾಯ ‘ಹಿಂದೂರಾಯ ಸುರತ್ರಾಣ’, ಹಿಂದೂ ದೊರೆಗಳಲ್ಲಿ ಸುಲ್ತಾನ. ಕೃಷ್ಣದೇವರಾಯ ಕಲಬುರಗಿ ಸೀಮೆಗೆ ದಂಡೆತ್ತಿ ಬಂದು, ಸರದಾರರ ಹಿಡಿತದಲ್ಲಿದ್ದ ಬಹಮನಿ ವಂಶದವರನ್ನು ಮತ್ತೆ ಪಟ್ಟದಲ್ಲಿ ಕೂರಿಸಿದ. ಅದರಿಂದ ಅವನಿಗೆ ಬಂದ ಬಿರುದು ‘ಯವನರಾಜ್ಯ ಸ್ಥಾಪನಾಚಾರ್ಯ’. ವಿಜಯನಗರವೆಂದರೆ ಧರ್ಮಗಳ ಕಾದಾಟ ಎಂದಷ್ಟೇ ಬಗೆದವರು ಈ ಎರಡು ಬಿರುದುಗಳನ್ನು ಓದಿ ಮುಂದೆ ಹೋಗಬೇಕು.

ಬಹಮನಿಗಳ ರಾಜಧಾನಿಯನ್ನು ಬೀದರಿಗೆ ಒಯ್ದ ಅಹಮದ್ ಷಾನಿಗೆ ಜನ ಕೊಟ್ಟದ್ದು ‘ವಲಿ’ ಎಂಬ ಹೆಸರು. ವಲಿ ಎಂದರೆ ಸಂತ, ದೇವರ ಆಪ್ತ. ಲಿಂಗಾಯತರ ಪಾಲಿಗೆ ಅವನು ಅಲ್ಲಮಪ್ರಭು. ಬೀದರ ಬಳಿಯ ಅಷ್ಟೂರಿನಲ್ಲಿ ಅವನ ಗೋರಿಯ ಉರುಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಪರಿವಾರದೊಂದಿಗೆ ನಡೆದು ಹೋಗುತ್ತಾರೆ. ಶಂಖ ಊದಿ, ಕಾಯಿ ಒಡೆಯುತ್ತಾರೆ. ಅವನು ನಾಣ್ಯದ ಮೇಲೆ ಟಂಕಿಸಿದ ಬಿರುದುಗಳನ್ನು ಈಗ ತಜ್ಞರು ಮಾತ್ರ ಓದುತ್ತಾರೆ. ಆಳಂದದ ದರ್ಗಾದ ಸಂತನೂ ಜನರ ಬಾಯಲ್ಲಿ ‘ಲಾಡ್ಲೆ ಮಶಾಕ್’: ಲಾಡ್ಲೆ ಎಂದರೆ ಮುದ್ದಿನವನು. ಯಾವ ದರಬಾರೂ ಇಷ್ಟು ಮೆತ್ತಗಿನ ಬಿರುದು ಕೊಟ್ಟದ್ದಿಲ್ಲ.

ಬಿಜಾಪುರದ (ಇಂದಿನ ವಿಜಯಪುರ) ದೊರೆಗಳು ತಮ್ಮನ್ನು ‘ಆದಿಲ್ ಷಾ’ ಎಂದುಕೊಂಡರೂ ಮೊಗಲರ ಬರಹಗಳು ಬಹುಕಾಲ ಅವರನ್ನು ‘ಆದಿಲ್ ಖಾನ್’ ಎಂದೇ ಕರೆದವು. ಷಾ ಎಂದರೆ ದೊರೆ, ಖಾನ್ ಎಂದರೆ ಆಗ್ರಾದ ಲೆಕ್ಕದಲ್ಲಿ ಸರದಾರ. ಅಫಜಲಪುರದ ಹೆಸರನ್ನು ಜನ ಬಿಜಾಪುರದ ಸೇನಾನಿ ಅಫಜಲ್ ಖಾನನಿಗೆ ಜೋಡಿಸುತ್ತಾರೆ. ಅಫಜಲ್ ಎಂದರೆ ಹೆಚ್ಚು ಶ್ರೇಷ್ಠ. ಅದೂ ಹುಟ್ಟುಹೆಸರಲ್ಲ, ಬಿರುದು. 1659ರಲ್ಲಿ ಅವನನ್ನು ಕೊಂದ ಶಿವಾಜಿ 1674ರಲ್ಲಿ ‘ಛತ್ರಪತಿ’ಯಾದ. ಕನಗನಹಳ್ಳಿಯಲ್ಲಿ ಅಶೋಕನ ತಲೆಯ ಮೇಲೆ ಹಿಡಿದ ಕೊಡೆಯೇ ಇಲ್ಲಿ ಪದವಿಯ ಹೆಸರಾಯಿತು.

ನಿಜಾಮನ ಮೆಟ್ಟಿಲು

‘ನಿಜಾಮ್-ಉಲ್-ಮುಲ್ಕ್’ ಎಂದರೆ ರಾಜ್ಯದ ವ್ಯವಸ್ಥಾಪಕ. ‘ಆಸಫ್’ ಪುರಾಣದ ಸುಲೈಮಾನ್ (ಸಾಲೊಮನ್) ದೊರೆಯ ಮಂತ್ರಿ. ಎರಡೂ ಬಿರುದುಗಳು ದೆಹಲಿಯ ಬಾದಷಹರು ಹೈದರಾಬಾದಿನ ಮನೆತನದ ಮೂಲಪುರುಷ ಮೀರ್ ಕಮರುದ್ದೀನನಿಗೆ ಕೊಟ್ಟವು, ಎರಡೂ ಸೇವಕನವು. ಎರಡು ಶತಮಾನ ದೆಹಲಿಯ ಹಿಡಿತವಿಲ್ಲದೆ ಆಳಿದ ಆ ಮನೆತನ ಕೊನೆಯ ವರೆಗೂ ಮಂತ್ರಿಯ ಬಿರುದನ್ನೇ ಇಟ್ಟುಕೊಂಡಿತು. ‘ನವಾಬ’ವೂ ಅಷ್ಟೆ, ಪ್ರತಿನಿಧಿ ಎಂಬರ್ಥದ ‘ನಾಯಬ್’ನ ಬಹುವಚನ.

ಹೈದರಾಬಾದಿನಲ್ಲಿ ಬಿರುದುಗಳಿಗೆ ಮೆಟ್ಟಿಲುಗಳಿದ್ದವು. ಖಾನ್, ಖಾನ್ ಬಹಾದ್ದೂರ್, ನವಾಬ್, ಜಂಗ್, ದೌಲಾ, ಮುಲ್ಕ್, ಉಮರಾ, ಜಾ; ಹಿಂದೂಗಳಿಗೆ ರಾಯ್, ರಾಜಾ, ರಾಜಾ ಬಹಾದ್ದೂರ್, ವಂತ್, ಮಹಾರಾಜಾ. ಆಳಂದ ಸೀಮೆ ಪಾಯಿಗಾ ಜಾಗೀರಾಗಿತ್ತು. ನಿಜಾಮನ ಖಾಸಾ ದಳವನ್ನು ಸಾಕಲು ಕೊಟ್ಟ ಭೂಮಿ ಅದು. ಪಾಯಿಗಾ ಮನೆತನದವರು ‘ಷಂಸ್-ಉಲ್-ಉಮರಾ’, ‘ಖುರ್ಷೀದ್ ಜಾ’, ‘ಆಸ್ಮಾನ್ ಜಾ’: ಸರದಾರರ ಸೂರ್ಯ, ಸೂರ್ಯನ ಘನತೆಯವನು, ಆಕಾಶದ ಘನತೆಯವನು. ಆಳಂದದ ರೈತನ ಪಾವತಿ ಆ ಆಕಾಶಕ್ಕೆ ಹೋಗುತ್ತಿತ್ತು. ಜೇವರ್ಗಿಯ ತೆಂಕಣ ಸುರಪುರದ ನಾಯಕರು ದರಬಾರಿನ ಕಾಗದಗಳಲ್ಲಿ ‘ಬಲವಂತ ಬಹರಿ ಬಹಾದ್ದೂರ್’. ಜನರಿಗೆ ಮಾತ್ರ ‘ದೊರೆ’. ಹಳಗನ್ನಡದಲ್ಲಿ ದೊರೆ ಎಂದರೆ ಸಾಟಿ, ಸಮಾನ ಎಂಬ ಅರ್ಥವೂ ಇತ್ತು.

ಬ್ರಿಟಿಷರು 1918ರಲ್ಲಿ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನಿಗೆ ಉಳಿದ ಯಾವ ರಾಜರಿಗೂ ಇಲ್ಲದ ‘ಹಿಸ್ ಎಕ್ಸಾಲ್ಟೆಡ್ ಹೈನೆಸ್’ ಕೊಟ್ಟರು. ಅದನ್ನು ನಂಬಿ ಅವನು ತಾನು ಬ್ರಿಟಿಷರಿಗೆ ಸಮಾನ ಎಂದು ಬರೆದಾಗ, ಸಾರ್ವಭೌಮತ್ವ ಬ್ರಿಟಿಷ್ ಸಿಂಹಾಸನದ್ದು ಮಾತ್ರ ಎಂದು ವೈಸರಾಯ್ ರೀಡಿಂಗ್ 1926ರಲ್ಲಿ ಪತ್ರ ಕಳಿಸಿದ. ‘ತತ್ಪಾದಪದ್ಮೋಪಜೀವಿ’ಯ ಇಂಗ್ಲಿಷ್ ರೂಪ ಅದು.

1948 ಬಹಳಷ್ಟನ್ನು ಮುಗಿಸಿತು. ಜೂನ್ 22ರಂದು ಆರನೆಯ ಜಾರ್ಜ್ ಭಾರತ ಚಕ್ರವರ್ತಿ ಎಂಬ ಬಿರುದು ಬಿಟ್ಟ. ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಯಿತು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಮಾಡಿತು, 1971ರ 26ನೆಯ ತಿದ್ದುಪಡಿ ರಾಜರಿಗಿದ್ದ ಮಾನ್ಯತೆಯನ್ನೂ ತೆಗೆಯಿತು. ಮೂರೂ ತಾಲ್ಲೂಕುಗಳ ಪಹಣಿಗಳಲ್ಲಿ ದೇಸಾಯಿ, ದೇಶಮುಖ, ಪಾಟೀಲ, ನಾಡಗೌಡ, ಇನಾಮದಾರ, ಜಾಗೀರದಾರ ಎಂಬ ಅಡ್ಡಹೆಸರುಗಳು ಹಾಗೇ ಉಳಿದಿವೆ. ಕೆಲವರಿಗೆ ಎರಡೆಕರೆ ಖುಷ್ಕಿ, ಕೆಲವರಿಗೆ ಅದೂ ಇಲ್ಲ. ಚಾಲುಕ್ಯರ ‘ಗಾವುಂಡ’ ಗೌಡನಾಗಿ ಊರೂರಲ್ಲಿ ಇದ್ದಾನೆ.

‘ರಾಜಾಧಿರಾಜ’ ಮಾತ್ರ ಈಗಲೂ ಗಟ್ಟಿ ದನಿಯಲ್ಲಿ ಕೇಳುತ್ತದೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಭಕ್ತರ ಜಯಕಾರದಲ್ಲಿ ಆ ಪದವಿದೆ. ಆ ಯಾತ್ರಿಕರೇ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೂ ಬರುತ್ತಾರೆ, ಭೀಮೆಗೆ ಅಮರ್ಜೆ ಸೇರುವ ಸಂಗಮದಲ್ಲಿ ಮುಳುಗು ಹಾಕುತ್ತಾರೆ. ನರಸಿಂಹ ಸರಸ್ವತಿಗಳ ಪಾದುಕೆಗಳಿರುವ ಇಲ್ಲಿ ದತ್ತನೂ ‘ಮಹಾರಾಜ’ನೇ. ಮಧ್ಯಾಹ್ನವಾಯಿತೆಂದರೆ ಆ ಮಹಾರಾಜ ಯಾವುದಾದರೂ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ಊರು ನಂಬುತ್ತದೆ. ಅದಕ್ಕೇ ಆ ಹೊತ್ತಿಗೆ ಓಣಿಯಲ್ಲಿ ಯಾರು ಕೈ ಚಾಚಿದರೂ ಇಲ್ಲವೆನ್ನುವುದಿಲ್ಲ. ಕಾರಿನಲ್ಲಿ ಬಂದಿಳಿದವರೂ ಜೋಳಿಗೆ ಹಿಡಿದು ಐದು ಮನೆಗೆ ಮಾಧುಕರಿಗೆ ಹೋಗುತ್ತಾರೆ. ರೊಟ್ಟಿಯ ತುಂಡು, ಒಂದಿಷ್ಟು ಪಲ್ಯ, ಅನ್ನ ಜೋಳಿಗೆಗೆ ಬೀಳುತ್ತದೆ.